ಸೊಂಟಮಟ್ಟದ ಸಮುದ್ರ

ಮೊದಲಿಗೇ ಕ್ಷಮೆ ಕೇಳುತ್ತೇನೆ. ನನಗೆ ಟಿಕೆಟ್ಟಿನ ಮೇಲೆ ಹೆಸರು ಬರೆದು ಗೊತ್ತು, ಇಂಥದ್ದು ಬರೆದು ಗೊತ್ತಿಲ್ಲ. ಹೇಳಬೇಕಾದ್ದು ಬಿಟ್ಟು ಹೇಳಬಾರದ್ದನ್ನೇ ಬಿಡಿಸಿ ಬಿಡಿಸಿ ಹೇಳುತ್ತೇನೆ ಎಂದು ಮನೆಯವರ ದೂರೂ ಇದೆ. ಆದರೆ ಪ್ರವಾಸದ ಅಂಗಡಿಯಲ್ಲಿ ಕೆಲಸಕ್ಕಿರುವವನನ್ನು ನಾಚಿಕೆಗೇಡಿನ ಪ್ರಸಂಗಗಳು ತಾವಾಗಿಯೇ ಹುಡುಕಿಕೊಂಡು ಬರುತ್ತವೆ. ಇವು ಒಂದೇ ಪ್ರವಾಸದಲ್ಲಿ ಸಾಲಾಗಿ ಬಂದವು.

೧. ಯಾರ ಸೊಂಟ?

ನಮ್ಮ ಅಂಗಡಿ ಸಾಂಗಲಿಯ ವಿಶ್ರಾಮಬಾಗದಲ್ಲಿ. ಆಗಷ್ಟೇ ಸಾಂಗಲಿ-ಮಿರಜ ರಸ್ತೆಗೆ ಅಪಾರ್ಟ್‌ಮೆಂಟುಗಳು ಏಳುತ್ತಿದ್ದವು, ಪಗಾರದ ಜನ ಶ್ರವಣಬೆಳಗೊಳದ ಬಸ್ಸಿನ ಜೊತೆಗೆ ಸಿಂಗಾಪುರದ ವಿಮಾನವನ್ನೂ ವಿಚಾರಿಸುತ್ತಿದ್ದರು. ಒಂದು ದಿನ ಮಾವಶಿ ಬಂದರು. (ಮಾವಶಿ ಎಂದರೆ ಚಿಕ್ಕಮ್ಮ, ಆದರೆ ನನ್ನ ಸ್ವಂತ ಮಾವಶಿ ಅಲ್ಲ. ಮಿರಜದ ಶಾಲೆಯಲ್ಲಿ ಮೂವತ್ತು ವರ್ಷ ವಿಜ್ಞಾನ ಕಲಿಸಿ ನಿವೃತ್ತರಾದವರು, ಎಲ್ಲರಿಗೂ ಮಾವಶಿ.) ಜೊತೆಗೆ ಅವರ ಯಜಮಾನರು, ಸಮಡೋಳಿಯ ಕಾಕಾ. ಕಾಕಾ ಎಂದರೆ ಹೊಳೆ ತುಂಬಿದಾಗ ಕೃಷ್ಣೆಗೆ ಹಾರಿ ಆಚೆ ದಂಡೆಗೆ ಏಳುತ್ತಿದ್ದ ಮನುಷ್ಯ.

"ಹವಳದ ಚಿತ್ರಾ ಬೋರ್ಡಿನ ಮ್ಯಾಲ ಎಷ್ಟ ಸಲ ತಗದೇನೋ ಲೆಕ್ಕಿಲ್ಲ," ಎಂದರು ಮಾವಶಿ. "ಖರೇ ಹವಳ ಒಮ್ಮಿನೂ ನೋಡಿಲ್ಲ. ಕಣ್ಣಿಗೆ ಗಾಜ ಕಟಗೊಂಡು, ಬಾಯಾಗ ನಳಗಿ ಇಟಗೊಂಡು ನೋಡತಾರಂತಲ್ಲ, ಹಂಗ ನೋಡಬೇಕು. ಆದರ ನನಗ ಈಸಾಕ ಬರಾಂಗಿಲ್ಲ."

ನಮ್ಮ ಸಿಂಗಾಪುರದ ಪ್ರವಾಸದಲ್ಲಿ ಒಂದು ಹಡಗೂ ಸೇರಿತ್ತು, ಅದು ಅಲ್ಲಿಂದ ಹೊರಟು ಒಂದು ದ್ವೀಪದಲ್ಲಿ ಒಂದೇ ಹಗಲು ನಿಲ್ಲುತ್ತಿತ್ತು. ಈಜು ಬಾರದವರು ಸ್ನಾರ್ಕೆಲಿಂಗ್ ಮಾಡುವ ದಂಡೆ ಅಲ್ಲಿ ಯಾವುದೆಂದು ನನಗೇನು ಗೊತ್ತು? ನಾನು ಸಮುದ್ರ ಕಂಡದ್ದೇ ಒಮ್ಮೆ, ರತ್ನಾಗಿರಿಯಲ್ಲಿ, ಅದೂ ಬಸ್ಸಿನ ಕಿಟಕಿಯಿಂದ. ಆದರೂ ನಾಲಿಗೆ ಜಾರಿತು: "ನಾ ಹೋದ ವರ್ಷ ಹೋಗಿ ಬಂದೇನಲ್ಲರಿ. ಬೇಕಾದಷ್ಟ ದಂಡಿ ಅದಾವ."

"ನೀರ ಎಷ್ಟ ಆಳ?"

"ಸೊಂಟಮಟ ಅಷ್ಟರಿ."

ಮಾವಶಿ ನನ್ನ ಆರಡಿ ದೇಹವನ್ನು ಮೇಲಿಂದ ಕೆಳಗೆ ನೋಡಿದರು. ಅವರು ನನ್ನ ಎದೆಯವರೆಗೆ ಬರುತ್ತಾರೆ.

"ಯಾರ ಸೊಂಟ?"

ವಹಿಯಲ್ಲಿ 'ಮಾವಶಿಯವರ ಸೊಂಟ' ಎಂದು ಬರೆದುಕೊಂಡೆ. ಅದನ್ನು ಓದಿದ ಮಾಲಕರು ಎರಡು ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ.

೨. ಬ್ಯಾರಲ್ಲಿನೊಳಗೆ

ಸುಳ್ಳಿಗೆ ಸ್ವಲ್ಪವಾದರೂ ಆಧಾರವಿರಲಿ ಎಂದು ಮುಂಬಯಿಯಿಂದ ಒಂದು ಗಾಜು, ಒಂದು ನಳಿಗೆ ತರಿಸಿದೆ. ಆ ಗಾಜು ಮೂಗನ್ನೂ ಮುಚ್ಚುತ್ತದೆ, ಉಸಿರೆಲ್ಲ ಬಾಯಿಯಿಂದಲೇ ಆಡಬೇಕು. ಇದನ್ನು ಯಾಕೆ ಹೇಳುತ್ತಿದ್ದೇನೆ ಎಂದರೆ, ನನಗೆ ಅದು ಗೊತ್ತಿರಲಿಲ್ಲ.

ನಮ್ಮ ಮನೆಗೆ ದಿನ ಬಿಟ್ಟು ದಿನ ನಳ ಬರುತ್ತಿತ್ತು. ಅವ್ವ ಬ್ಯಾರಲ್ ತುಂಬಿಸಿ, ಬಾಯಿಗೆ ಬಟ್ಟೆ ಕಟ್ಟಿ ನೀರು ಗಾಳಿಸಿಟ್ಟಿದ್ದಳು. (ನಾವು ಜೈನರು, ಗಾಳಿಸದ ನೀರು ಬಳಸುವುದಿಲ್ಲ.) ಬ್ಯಾರಲ್ಲಿನ ಬಟ್ಟೆ ಬಿಚ್ಚಿ, ಗಾಜು ಕಟ್ಟಿಕೊಂಡು ತಲೆ ಅದ್ದಿದೆ. ಹಿಂದಿನಿಂದ ಬಂದ ಅವ್ವನಿಗೆ ಮಗನ ಕಾಲೆರಡೇ ಕಂಡವು. ಆಕೆ ಕೂಗಿದ ಕೂಗಿಗೆ ಎದುರು ಮನೆಯವರೂ ಓಡಿ ಬಂದರು.

ಮೂಗಿನಿಂದ ಉಸಿರೆಳೆಯಲು ಹೋಗಿ ಬಾರದೆ, ಕೆಮ್ಮುತ್ತ ತಲೆ ಎತ್ತಿದೆ.

"ಗಾಳಿಸಿದ ನೀರಾಗ ಮುಸುಡಿ ಅದ್ದೀದೆಲ್ಲೋ, ಇನ್ನ ನಾಳಿಕ್ಕ ಕುಡಿಯೂದೇನು?" ಎಂದು ಅವ್ವ ಬೈದಳು. ಆಮೇಲೆ ಕುತೂಹಲ ತಡೆಯದೆ ಕೇಳಿದಳು, "ಒಳಗ ಏನ ಕಂಡ್ತು?"

"ತಳದಾಗ ನಿನ್ನ ಚಮಚಾ ಬಿದ್ದೈತವ್ವಾ."

"ಮತ್ತ ಹಂಗ್ಯಾಕ ಮ್ಯಾಲೆದ್ದಿ? ಹೋಗು, ತಗೊಂಡ ಬಾ."

೩. ಗೊತ್ತಿದ್ದವನ ಹಾಗೆ

ಅವರಿಬ್ಬರ ಜೊತೆಗೆ ಮಾಲಕರು ನನ್ನನ್ನೇ ಕಳಿಸಿದರು. ಹಡಗಿನ ಅಡುಗೆಮನೆಯಲ್ಲಿ ರತ್ನಾಗಿರಿ ಕಡೆಯವನೊಬ್ಬನಿದ್ದ. ದ್ವೀಪ ಬರುವ ಹಿಂದಿನ ದಿನ ಅವನನ್ನು ಹಿಡಿದು ಮರಾಠಿಯಲ್ಲಿ ಕೇಳಿದೆ, ಈಜು ಬಾರದವರಿಗೆ ಯಾವ ದಂಡೆ ಒಳ್ಳೆಯದು? ಅವನು ಅಲೆಯಿಲ್ಲದ ಒಂದು ಕೊಲ್ಲಿಯ ಹೆಸರು ಹೇಳಿ, "ಪಣ ಭರತಿ-ಓಹೋಟೀ ಬಘೂನ ಜಾ, ಭಾವ್," ಎಂದ. ಸಮುದ್ರದ ಏರಿಳಿತ ನೋಡಿಕೊಂಡು ಹೋಗು ಎಂದರ್ಥ. ಆ ಶಬ್ದ ನನಗೆ ಬರುತ್ತಿತ್ತು. ಐದನೇ ಇಯತ್ತೆಯ ಭೂಗೋಳದಲ್ಲಿ ಬಿಟ್ಟ ಸ್ಥಳದಲ್ಲಿ ತುಂಬಿ ಮಾರ್ಕ್ಸ್ ತೆಗೆದುಕೊಂಡಿದ್ದೆ. ಅದು ಪರೀಕ್ಷೆ ಮುಗಿದ ಮೇಲೂ ನಡೆಯುತ್ತಿರುತ್ತದೆ ಎಂದು ಮಾತ್ರ ಯೋಚಿಸಿರಲಿಲ್ಲ. ಎಷ್ಟು ಏರುತ್ತದೆ, ಎಷ್ಟು ಇಳಿಯುತ್ತದೆ ಎಂದು ಕೇಳಬಹುದಿತ್ತು. ಆದರೆ ಅಷ್ಟರಲ್ಲಿ ಕಾಕಾ ಪಕ್ಕಕ್ಕೇ ಬಂದು ನಿಂತಿದ್ದರು, ನಾನು ಹೋದ ವರ್ಷ ಬಂದವನು.

"ಹೋ ಹೋ, ಮಾಹೀತ ಆಹೇ," ಎಂದೆ. ಗೊತ್ತಿದೆ, ಗೊತ್ತಿದೆ.

ಕಾಕಾ ನನ್ನ ಬೆನ್ನು ತಟ್ಟಿದರು. ಅಷ್ಟು ನಾಚಿಕೆ ತಂದ ಶಾಬಾಸಗಿರಿ ನನಗೆ ಇನ್ನೊಂದು ಸಿಕ್ಕಿಲ್ಲ.

೪. ಎಲ್ಲಿ ಹೋತು ಸಮುದ್ರ?

ಬೆಳಿಗ್ಗೆ ಎಂಟಕ್ಕೆ ಇಳಿಸಿದರು, ಕೊನೆಯ ದೋಣಿ ಮೂರೂವರೆಗೆ. ಇಬ್ಬರನ್ನೂ ಮರದ ನೆರಳಿಗೆ ಕೂರಿಸಿ ಒಬ್ಬನೇ ರಿಕ್ಷಾ ಹಿಡಿದು ಆ ಕೊಲ್ಲಿಗೆ ಹೋಗಿ ನೋಡಿ ಬಂದೆ. ತಟ್ಟೆಯಲ್ಲಿಟ್ಟ ನೀರಿನಂಥ ಸಮುದ್ರ. ಮಾವಶಿಯವರ ಸೊಂಟ ನನ್ನ ತೊಡೆಯ ಎಲ್ಲಿಗೆ ಬರುತ್ತದೆಂದು ಮೊದಲೇ ಗುರುತು ಮಾಡಿಕೊಂಡಿದ್ದೆ. ನೀರು ಸರಿಯಾಗಿ ಅಲ್ಲಿಗೇ ಬಂತು.

ಓಡಿ ಬಂದು ಹೇಳಿದೆ. ಆದರೆ ಚಪಾತಿ, ಶೇಂಗಾ ಚಟ್ನಿಯ ಗಂಟು ಬಿಚ್ಚಿಯಾಗಿತ್ತು. ಉಂಡ ಮೇಲೆ ಕಾಕಾ, "ಹೊಟ್ಟಿ ತುಂಬಿದಾಗ ನೀರಿಗಿಳಿಬಾರದು, ಎರಡ ತಾಸ ತಡೀರಿ," ಎಂದರು. ಕೃಷ್ಣಾ ದಂಡೆಯಲ್ಲಿ ಈಜು ಕಲಿಸುವವರ ನಿಯಮ ಅದು, ಮೀರುವ ಹಾಗಿಲ್ಲ.

ಹನ್ನೆರಡಕ್ಕೆ ಹೋದೆವು. ಮಾವಶಿ ಇದಕ್ಕೆಂದೇ ಜೀವನದಲ್ಲಿ ಮೊದಲ ಸಲ ಪಂಜಾಬಿ ಡ್ರೆಸ್ ಹಾಕಿದ್ದರು, ಉತ್ಸಾಹಕ್ಕೆ ರಿಕ್ಷಾದಲ್ಲೇ ಗಾಜು ಕಟ್ಟಿಕೊಂಡು ನಳಿಗೆ ಕಚ್ಚಿದ್ದರು. ಇಳಿದು ನೋಡಿದರೆ ನೀರೇ ಇಲ್ಲ. ಕಣ್ಣು ಹೋದಷ್ಟು ದೂರ ಕೆಸರು, ಅದರ ಮೇಲೆ ಓರೆಯಾಗಿ ಬಿದ್ದ ದೋಣಿಗಳು.

"ಎಲ್ಲಿ ಹೋತೋ ತಮ್ಮಾ ನಿನ್ನ ಸಮುದ್ರ?" ಎಂದರು ಕಾಕಾ.

"ಇಲ್ಲೇ ಇತ್ತರಿ..."

ಕಾಕಾ ಗಂಭೀರವಾಗಿ ಕೇಳಿದರು, "ಮ್ಯಾಲ ಕೊಯ್ನಾ ಡ್ಯಾಮಿನಾಗ ಬಾಗಲಾ ಹಾಕಿದರೇನ?"

೫. ಹೋದದ್ದು ಬರುತ್ತದೆ

ಮಾವಶಿ ನಳಿಗೆ ತೆಗೆದು ಕೈಯಲ್ಲಿ ಹಿಡಿದು ನಿಂತರು. ಬೈದಿದ್ದರೆ ಚೆನ್ನಾಗಿತ್ತು. ನನಗೆ ತಡೆಯಲಾಗಲಿಲ್ಲ.

"ಮಾವಶಿ, ನಾ ಎಂದೂ ಇಲ್ಲಿ ಬಂದಿಲ್ಲರಿ. ಸುಳ್ಳ ಹೇಳಿದ್ದೆ."

"ಗೊತ್ತೈತಿ. ಮೂವತ್ತ ವರ್ಷ ಹುಡುಗರ ಸುಳ್ಳ ಕೇಳೇನಿ, ನೀ ಅದರಾಗ ಭಾಳ ಕಚ್ಚಾ." ಅವರ ಕಣ್ಣು ಬಲಗಡೆಯ ಬಂಡೆಗಳ ಮೇಲಿತ್ತು. "ಅಲ್ಲಿ ಏನೋ ಹೊಳ್ಯಾಕತ್ತೈತಿ, ನಡೀರಿ."

ಬಂಡೆಗಳ ನಡುವೆ ಸಮುದ್ರ ಬಿಟ್ಟುಹೋದ ಒಂದು ಹೊಂಡ. ಹೊರಸಿನಷ್ಟು ಅಗಲ, ಮೊಣಕಾಲಿನಷ್ಟು ಆಳ. ಮಾವಶಿ ಬೋರಲು ಮಲಗಿ ಮುಖ ಅದ್ದಿದರು. ಐದು ನಿಮಿಷ, ಹತ್ತು ನಿಮಿಷ. ಅಲುಗಲೇ ಇಲ್ಲ. ಹೆದರಿ ಬೆರಳಿನಿಂದ ಅವರ ಭುಜ ಮುಟ್ಟಿದೆ. ನಳಿಗೆಯಿಂದ ಶಾಲೆಯ ದನಿ ಬಂತು: "ಬಾಜೂ ಸರಿ! ನೆರಳ ಬೀಳತೈತಿ!"

ಕೊನೆಗೆ ಎದ್ದು ಗಾಜು ತೆಗೆದರು. ಕಣ್ಣಲ್ಲಿ ನೀರಿತ್ತು, ಗಾಜಿನೊಳಗೆ ಸೋರಿದ್ದೂ ಇರಬಹುದು. "ನಾ ಬೋರ್ಡಿನ ಮ್ಯಾಲ ತಗದದ್ದು ತಪ್ಪರಿ," ಎಂದರು ಕಾಕಾ ಕಡೆ ತಿರುಗಿ. "ಇದು ಅದಕ್ಕಿಂತ ಭಾಳ ಚಂದ ಐತಿ."

ಆಮೇಲೆ ನನಗೆ ಆಜ್ಞೆಯಾಯಿತು. "ಈಗ ನೀ ನೋಡು. ಮುಟ್ಟಬ್ಯಾಡ, ಜೀವ ಐತಿ ಅದಕ್ಕ."

ನನ್ನದು ಒಂದೇ ಒಂದು ಇಸ್ತ್ರಿ ಪ್ಯಾಂಟು. ತೋಯಬಾರದೆಂದು ಬಿಚ್ಚಿ ಮಡಿಚಿ ಪಕ್ಕದ ತಗ್ಗು ಬಂಡೆಯ ಮೇಲಿಟ್ಟು, ಪಟ್ಟಾಪಟ್ಟಿ ಚಡ್ಡಿಯಲ್ಲಿ ಮಲಗಿ ನೋಡಿದೆ. ನೀಲಿ ಮೀನು, ಕೊಂಬೆ ಕೊಂಬೆಯಾದ ಹವಳ. ಬಿಟ್ಟು ಏಳುವ ಮನಸ್ಸೇ ಆಗಲಿಲ್ಲ.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ನಾವು ಹೊಳೆಯ ದಂಡೆಯ ಜನ. ನಮ್ಮಲ್ಲಿ ಹೋದ ನೀರು ಹೋಯಿತು, ತಿರುಗಿ ಬರುವುದಿಲ್ಲ. ಸಮುದ್ರ ಹೋಗುತ್ತದೆಂದು ಆ ದಿನ ಆಗಲೇ ಕಲಿತಿದ್ದೆ. ಬರುತ್ತದೆಂದು ಕಲಿತದ್ದು ಹೊಟ್ಟೆಯ ಕೆಳಗೆ ತಣ್ಣಗಾದಾಗ. ತಲೆ ಎತ್ತಿದರೆ ನನ್ನ ಪ್ಯಾಂಟು ಎರಡು ಕಾಲೂ ಚಾಚಿಕೊಂಡು ಆರಾಮಾಗಿ ತೇಲುತ್ತ ಹೊರಟಿತ್ತು. ನಮ್ಮ ಮೂವರಲ್ಲಿ ಸ್ನಾರ್ಕೆಲಿಂಗ್ ಸರಿಯಾಗಿ ಕಲಿತದ್ದು ಅದೊಂದೇ.

ಮೂರು ಗಂಟೆಯಾಗಿತ್ತು, ಪ್ಯಾಂಟಿನ ಬೆನ್ನು ಹತ್ತಲು ಹೊತ್ತಿರಲಿಲ್ಲ. ಮಾವಶಿ ಚೀಲದಿಂದ ತಮ್ಮ ಒಣ ಸೀರೆ ತೆಗೆದು, "ಸುತಗೋ, ನಾ ತೊಯ್ದ ಡ್ರೆಸ್ಸಿನ ಮ್ಯಾಲನ ಬರತೇನಿ," ಎಂದರು. ನವಿಲು ಬಣ್ಣ, ಜರಿಯಂಚು. ಹಡಗಿನ ಮೆಟ್ಟಿಲ ಹತ್ತಿರ ಕಾವಲಿನವನು ನಾನು ಅಂಗಿಯ ಕಿಸೆಯಿಂದ ತೆಗೆದ ಗುರುತಿನ ಕಾರ್ಡಿನ ಫೋಟೋ ನೋಡಿದ, ಸೀರೆ ನೋಡಿದ, ಮತ್ತೆ ಫೋಟೋ ನೋಡಿದ. ಅಷ್ಟರಲ್ಲಿ ಹಡಗಿನ ಫೋಟೋಗ್ರಾಫರ್, ಅವನು ಮರಳಿ ಬಂದ ಎಲ್ಲರದೂ ಒಂದೊಂದು ತೆಗೆಯುತ್ತಾನೆ, ನನ್ನದೂ ತೆಗೆದ. ಮಾವಶಿ ಅದರ ಒಂದು ಪ್ರತಿಯನ್ನು ನಮ್ಮ ಮಾಲಕರಿಗೆ ಪ್ರೀತಿಯಿಂದ ತಂದುಕೊಟ್ಟರು, ಮಾಲಕರು ಅದನ್ನು ಅಂಗಡಿಯ ಗೋಡೆಗೆ ತೂಗುಹಾಕಿದರು.

ಕಾಕಾ ಅವರ ಹತ್ತಿರ ಟಾವೆಲ್ ಇರಲಿಲ್ಲವೇ, ಸೀರೆಯೇ ಯಾಕೆ ಉಟ್ಟೆ ಎಂದು ನೀವು ಕೇಳಬಹುದು. ಕೇಳುವುದು ನ್ಯಾಯವೇ. ಟಾವೆಲ್ ಇತ್ತು, ಸುಳ್ಳು ಹೇಳುವುದಿಲ್ಲ. ಆದರೆ ಅದಕ್ಕೂ ಮುಂಚೆ ಏನಾಗಿತ್ತೆಂದರೆ, ಕಾಕಾ ಬಂಡೆಯ ಹಿಂದೆ ಹೋಗಿ ಆ ಟಾವೆಲ್ಲನ್ನು...

ತಡೆಯಿರಿ, ಮಾಲಕರು ಕರೆಯುತ್ತಿದ್ದಾರೆ. "ಏ, ಬಾ ಇಲ್ಲಿ! ಖಂಡೇರಾಜುರಿ ಊರಿಂದ ಗಿರಾಕಿ ಬಂದಾರ. ಫೋಟೋದಾಗಿನ ಸೀರಿ ಉಟ್ಟ ಹೆಣಮಗಳು ಯಾರು ಅಂತ ಕೇಳಾಕತ್ತಾರ!"