ಹನ್ನೆರಡನೇ ಸಮ್ಮೇಳನದ ಮುಖ್ಯ ಅತಿಥಿ

ದೆಹಲಿ ವಲಯ ಕನ್ನಡ ವಿಜ್ಞಾನ ಕಥಾಭಿಮಾನಿಗಳ ವಾರ್ಷಿಕ ಸಮ್ಮೇಳನದಲ್ಲಿ ಹನ್ನೊಂದು ವರ್ಷ ಒಂದೇ ಒಂದು ವಿಜ್ಞಾನ ಕಥೆಯನ್ನೂ ಓದಲಾಗಿಲ್ಲ ಎಂಬುದು ದಾಖಲೆಗಳಿಂದ ರುಜುವಾತಾದ ಸಂಗತಿ. ಮೊದಲ ಸಮ್ಮೇಳನ ವಸಂತ್ ಕುಂಜ್‌ನ ಫ್ಲಾಟೊಂದರಲ್ಲಿ ಏಳು ಜನರೊಂದಿಗೆ ನಡೆಯಿತು. ಏಳೂ ಜನ ಪದಾಧಿಕಾರಿಗಳಾಗಿ ಆಯ್ಕೆಯಾದ್ದರಿಂದ, ಸಭಿಕರ ಅಭಾವದ ಕಾರಣ ಕಲಾಪವನ್ನು ಮುಂದೂಡಲಾಯಿತು. ನಾಲ್ಕನೆಯದು ಕರೋಲ್ ಬಾಗ್‌ನ ಹೋಟೆಲಿನಲ್ಲಿ. ಪಕ್ಕದ ಹಾಲ್‌ನ ಮದುವೆಯವರು ಅರ್ಧ ಸಭಿಕರನ್ನು ಊಟಕ್ಕೆ ಕರೆದರು, ಉಳಿದರ್ಧ ಕರೆಯದೆಯೇ ಹೋದರು. ಆಮೇಲೆ ಮುಖ್ಯ ಅತಿಥಿಗಳ ಕಾರುಬಾರು ಶುರುವಾಯಿತು. ಏಳನೆಯ ವರ್ಷದವರು ಒಂದೂವರೆ ಗಂಟೆ ಎರೆಗೊಬ್ಬರದ ಬಗ್ಗೆ ಮಾತಾಡಿದರು, ಒಂಬತ್ತನೆಯ ವರ್ಷದವರು ತಮ್ಮ ಮಂಡಿ ಆಪರೇಷನ್ನಿನ ಬಗ್ಗೆ.

ಇದರಿಂದ ಹೊಟ್ಟೆ ಉರಿದುಕೊಂಡವರು ಕಾರ್ಯದರ್ಶಿ ಕೆಂಪಣ್ಣ. ಅವರು ಸಚಿವಾಲಯವೊಂದರಲ್ಲಿ ಸೆಕ್ಷನ್ ಆಫೀಸರ್. ಆಮಂತ್ರಣ ಪತ್ರಿಕೆಯ ಕೊನೆಯ ಸಾಲು ಪ್ರತಿ ವರ್ಷವೂ ಒಂದೇ: 'ಕ್ರಮಸಂಖ್ಯೆ ೧೪. ಸಮಯಾವಕಾಶವಿದ್ದಲ್ಲಿ, ಕಾರ್ಯದರ್ಶಿಯವರಿಂದ ಸ್ವರಚಿತ ಕಥಾವಾಚನ.' ಸಮಯಾವಕಾಶ ಒಂದು ವರ್ಷವೂ ಇರಲಿಲ್ಲ. ಜೇಬಿನಲ್ಲಿಟ್ಟ ಕಥೆ ಮಡಿಕೆಯಲ್ಲೇ ಹರಿದು, ಎರಡು ಸಲ ಹೊಸದಾಗಿ ಟೈಪಾಗಿತ್ತು. ಬದುಕಿರುವಾಗ ಒಮ್ಮೆ ಅದನ್ನು ನಾಲ್ಕು ಜನರ ಮುಂದೆ ಗಟ್ಟಿಯಾಗಿ ಓದಬೇಕು, ಅಷ್ಟೇ ಅವರ ಆಸೆ.

ಹನ್ನೆರಡನೇ ವರ್ಷ ಅವರಿಗೆ ಉಪಾಯ ಹೊಳೆಯಿತು. ಬರಲು ಸಾಧ್ಯವೇ ಇಲ್ಲದವರನ್ನು ಕರೆದರೆ ಭಾಷಣವಿಲ್ಲ, ಭಾಷಣವಿಲ್ಲದಿದ್ದರೆ ನಲವತ್ತೈದು ನಿಮಿಷ ಉಳಿತಾಯ. ಅನ್ಯಗ್ರಹದ ಶ್ರೀ ಝ್ರೂಂ ಎಂಬವರನ್ನು ಆಹ್ವಾನಿಸುವ ಟಿಪ್ಪಣಿ ಸಮಿತಿಯ ಮುಂದೆ ಹೋಯಿತು. ಭೂಮಿಯವರನ್ನು ಕರೆದು ಕರೆದು ಎಲ್ಲರಿಗೂ ಸಾಕಾಗಿತ್ತು, ಸರ್ವಾನುಮತದಿಂದ ಪಾಸಾಯಿತು.

ಸರೋಜಿನಿ ನಗರದ ಸಮುದಾಯ ಭವನದಲ್ಲಿ ಹಾಲ್ ಬೇಕಾದರೆ ಮುಖ್ಯ ಅತಿಥಿಯ ವಿವರ ಕಡ್ಡಾಯ. ಗುಮಾಸ್ತ ಅರ್ಜಿಯಿಂದ ತಲೆ ಎತ್ತದೆ ಕೇಳಿದ.

"ಅತಿಥಿ ದೆಹಲಿಯವರಾ?"

"ಅಲ್ಲ, ಸ್ವಲ್ಪ ಹೊರಗಿನವರು."

"ನೋಯ್ಡಾ?"

"ಅದಕ್ಕಿಂತ ಸ್ವಲ್ಪ ಮುಂದೆ."

"ಅಚ್ಛಾ, ಗ್ರೇಟರ್ ನೋಯ್ಡಾ," ಎಂದು ಬರೆದುಕೊಂಡು ಠಸ್ಸೆ ಒತ್ತಿದ.

ಮೂವತ್ತು ವರ್ಷ ಊರಿಗೆಲ್ಲ ಷರತ್ತು ಹಾಕಿದ ಕೆಂಪಣ್ಣ, ಖುಷಿಯಲ್ಲಿ ಅನುಮತಿ ಪತ್ರದಲ್ಲಿ ತಮಗೆ ಹಾಕಿದ್ದನ್ನು ಓದದೆ ಸಹಿ ಮಾಡಿದರು. ಸಮ್ಮೇಳನದ ದಿನ ಭವನದ ಚೌಕೀದಾರ ಅದನ್ನು ಓದಿ ಹೇಳಿದ: ಮುಖ್ಯ ಅತಿಥಿ ಗೈರಾದಲ್ಲಿ ಅನುಮತಿ ರದ್ದು, ಕರೆಂಟು ಕಟ್. ಹೇಳಿ ಮೇನ್ ಸ್ವಿಚ್ಚಿನ ಮೇಲೆ ಕೈಯಿಟ್ಟು ನಿಂತ.

"ಕೆಂಪಣ್ಣೋರೇ, ಅತಿಥಿಗಳು ಬಂದ್ರಾ?" ವೇದಿಕೆಯಿಂದ ಅಧ್ಯಕ್ಷೆ ರತ್ನಪ್ರಭಾ ಕೇಳಿದರು.

ಕೆಂಪಣ್ಣ ಖಾಲಿ ಕುರ್ಚಿ ನೋಡಿದರು, ಸ್ವಿಚ್ಚು ನೋಡಿದರು. "ಬಂದಿದ್ದಾರೆ ಮೇಡಂ. ಅವರ ಗ್ರಹದವರು ನಮ್ಮ ಕಣ್ಣಿಗೆ ಕಾಣಲ್ಲ, ಅಷ್ಟೇ."

ಬೇರೆ ಸಭೆಯಾಗಿದ್ದರೆ ಗಲಾಟೆಯಾಗುತ್ತಿತ್ತು. ಇದು ವಿಜ್ಞಾನ ಕಥಾಭಿಮಾನಿಗಳ ಸಭೆ. ಇಷ್ಟೂ ಗೊತ್ತಿಲ್ಲವೆಂದು ತೋರಿಸಿಕೊಳ್ಳಲು ಯಾರಿಗೂ ಮನಸ್ಸಿರಲಿಲ್ಲ. ಎಲ್ಲರೂ ಎದ್ದು ನಿಂತರು. ಕುರ್ಚಿಗೆ ಶಾಲು ಹೊದಿಸಿ, ಮೈಸೂರು ಪೇಟ ಇಟ್ಟು, ಫೋಟೋ ತೆಗೆಯಲಾಯಿತು. ಚೌಕೀದಾರ ಸ್ವಿಚ್ಚಿನಿಂದ ಕೈ ತೆಗೆದು ಸಲಾಮು ಹೊಡೆದ. ಭಾಷಣ ಆರಂಭವಾಯಿತು.

ಹತ್ತು ನಿಮಿಷ ಸೂಜಿ ಬಿದ್ದರೂ ಕೇಳುವಷ್ಟು ನಿಶ್ಶಬ್ದ. ಖಜಾಂಚಿ ಏಕನಾಥ ಎರಡು ಪುಟ ಟಿಪ್ಪಣಿ ಮಾಡಿಕೊಂಡರು. ಮುಂದಿನ ಸಾಲಿನವರು ಆಗಾಗ ತಲೆದೂಗಿದರು. ಕೆಂಪಣ್ಣ ಆಮಂತ್ರಣ ಪತ್ರಿಕೆಯ ಕೊನೆಯ ಸಾಲು ನೋಡಿದರು. ಇದ್ದ ಅತಿಥಿಗಳು ಗಡಿಯಾರ ನೋಡಿಯಾದರೂ ನಿಲ್ಲಿಸುತ್ತಿದ್ದರು, ಇಲ್ಲದವರನ್ನು ನಿಲ್ಲಿಸುವುದು ಹೇಗೆ?

ಆಗ ದೆಹಲಿಯಲ್ಲೇ ಹುಟ್ಟಿ ಬೆಳೆದ, ಕಾಲೇಜು ಓದುವ ಮಾನ್ಯಾ ಕೈಯೆತ್ತಿದಳು. "ಅಂಕಲ್, ಕುಛ್ ಸಮಝ್ ನಹೀ ಆ ರಹಾ. ಟ್ರಾನ್ಸ್‌ಲೇಟ್ ಮಾಡಿ ನಾ, ಪ್ಲೀಸ್."

ಸಂಘದ ಬೈಲಾ ಪ್ರಕಾರ ಅನುವಾದ ಕಾರ್ಯದರ್ಶಿಯ ಕರ್ತವ್ಯ. ಕೆಂಪಣ್ಣ ಮೈಕಿನ ಮುಂದೆ ನಿಂತರು. ಕೈ ತನ್ನಷ್ಟಕ್ಕೆ ಜೇಬಿಗೆ ಹೋಯಿತು.

ಅವರು ಓದಿದ್ದು ಚಂದ್ರನ ಮೇಲಿನ ಅಂಚೆ ಕಚೇರಿಯ ಕಥೆ. ಅಲ್ಲಿ ಒಬ್ಬನೇ ಗುಮಾಸ್ತ, ಕಾಗದ ಬರುವುದಿಲ್ಲ. ಆದರೂ ಅವನು ದಿನಾ ಠಸ್ಸೆಯ ತಾರೀಖು ಬದಲಿಸುತ್ತಾನೆ. ಇಂದೇ ಬಂದುಬಿಟ್ಟರೆ ನಿನ್ನೆಯ ತಾರೀಖು ಬೀಳಬಾರದಲ್ಲ. ಕೊನೆಯ ಪುಟಕ್ಕೆ ಬರುವಾಗ ಏಕನಾಥ ಪೆನ್ನು ಕೆಳಗಿಟ್ಟು ಕಣ್ಣೊರೆಸಿಕೊಂಡರು. ಕನ್ನಡ ಬಾರದ ಚೌಕೀದಾರನೂ ಮೂಗು ಎಳೆದ. ಚಪ್ಪಾಳೆ ಎರಡು ನಿಮಿಷ ನಿಲ್ಲಲಿಲ್ಲ. ಅಷ್ಟು ಸಂತೋಷವನ್ನು ಕೆಂಪಣ್ಣ ತಮ್ಮ ಪ್ರಮೋಷನ್ ದಿನವೂ ಕಂಡಿರಲಿಲ್ಲ. ಕೈಮುಗಿದು ತಲೆ ಎತ್ತಿದರೆ, ಸಭೆ ಪೂರ್ತಿ ಕುರ್ಚಿಯ ಕಡೆ ತಿರುಗಿ ಚಪ್ಪಾಳೆ ತಟ್ಟುತ್ತಿತ್ತು.

"ಇಂಥ ಭಾಷಣ ನಮ್ಮ ಸಮ್ಮೇಳನದ ಇತಿಹಾಸದಲ್ಲೇ ಇಲ್ಲ," ಎಂದರು ರತ್ನಪ್ರಭಾ. "ಅನುವಾದ ಮಾತ್ರ ಮೂಲಕ್ಕೆ ನ್ಯಾಯ ಒದಗಿಸಲಿಲ್ಲ. ಕೆಂಪಣ್ಣೋರು ಸ್ವಲ್ಪ ಅಭ್ಯಾಸ ಮಾಡ್ಕೋಬೇಕು."

ಭಾಷಣವನ್ನು ಶ್ರೀ ಝ್ರೂಂ ಅವರ ಹೆಸರಿನಲ್ಲಿ ಸ್ಮರಣ ಸಂಚಿಕೆಯಲ್ಲಿ ಅಚ್ಚು ಹಾಕಲು ನಿರ್ಣಯವಾಯಿತು. ಸಮಯಾವಕಾಶವಿಲ್ಲದ ಕಾರಣ ಕ್ರಮಸಂಖ್ಯೆ ೧೪ನ್ನು ಮುಂದೂಡಲಾಯಿತು. ನಡಾವಳಿ ಬರೆದವರು ಕೆಂಪಣ್ಣನವರೇ. 'ಅನುವಾದದ ಲೋಪಗಳಿಗೆ ಕಾರ್ಯದರ್ಶಿಯವರು ವಿಷಾದ ವ್ಯಕ್ತಪಡಿಸಿದರು' ಎಂಬ ವಾಕ್ಯ ಸೇರಿಸಿ ದುಂಡಗೆ ಸಹಿ ಹಾಕಿದರು.

ಮೆಟ್ರೋ ಮೆಟ್ಟಿಲಿನಲ್ಲಿ ಮಾನ್ಯಾ ಓಡಿ ಬಂದು ಹಿಡಿದಳು. "ಅಂಕಲ್, ಅವರು ಮುಂದಿನ ವರ್ಷಾನೂ ಬರ್ತಾರಾ?"

"ಬಂದೇ ಬರ್ತಾರಮ್ಮ," ಎಂದರು ಕೆಂಪಣ್ಣ. "ಇನ್ನೂ ಹದಿನೇಳು ಭಾಷಣ ಬರೆದಿಟ್ಟಿದ್ದಾರೆ."