ರಮಾದೇವಿಯ ತಿಂಡಿ, ನನ್ನ ಹೊಟ್ಟೆ

ನನ್ನ ಹೆಂಡತಿ ರಮಾದೇವಿಯನ್ನು ಕಂಡರೆ ನನಗೆ ಮದುವೆಯಾದಾಗಿನಿಂದಲೂ ಭಯವಿತ್ತು. ಈಗ ಅದರ ಜೊತೆ ಭಕ್ತಿಯೂ ಸೇರಿಕೊಂಡಿದೆ. ಇಷ್ಟಕ್ಕೆಲ್ಲ ಕಾರಣ ಬೆಳಗಿನ ತಿಂಡಿ.

ಅವಳ ಮಂಡಿನೋವು ತೋರಿಸಲು ಇಲ್ಲೇ ಕೋಲಾರದಲ್ಲಿ ಒಬ್ಬ ಡಾಕ್ಟರ ಬಳಿ ಹೋಗಿದ್ದೆವು. ಅವರು ಅವಳನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿ, "ತೂಕ ಇಳಿಸದಿದ್ರೆ ಮೆಟ್ಟಿಲು ಹತ್ತೋದು ಮರೆತುಬಿಡಿ. ಬೆಳಗಿನ ತಿಂಡಿಯಿಂದಲೇ ಶುರು ಮಾಡಿ. ಎಣ್ಣೆ ಕಡಿಮೆ, ಕಾಳು ತರಕಾರಿ ಜಾಸ್ತಿ" ಎಂದರು. ನಾನು ಗಂಭೀರವಾಗಿ ತಲೆಯಾಡಿಸಿದೆ. ಡಾಕ್ಟರು ನನ್ನ ಹೊಟ್ಟೆಯ ಕಡೆ ತಿರುಗಿ, "ನೀವೂ ಅಷ್ಟೇ" ಎಂದರು. (ರೋಗಿ ನಾನಲ್ಲ ಎಂಬುದನ್ನು ಪಾಪ, ಮರೆತಿರಬೇಕು.)

ಆಟೋದಲ್ಲಿ ರಮಾದೇವಿಯ ಕಣ್ಣು ತುಂಬಿತು. "ಇನ್ನೂ ನಲವತ್ತೈದು ಕಣ್ರೀ ನನಗೆ. ಈಗ್ಲೇ ಮೂಲೇಲಿ ಕೂತುಬಿಡ್ಲಾ?"

"ಹೆದರ್ಬೇಡ ಕಣೇ. ನೀನು ಏನು ತಿಂತೀಯೋ ನಾನೂ ಅದನ್ನೇ ತಿಂತೀನಿ" ಎಂದು ಭೀಷಣ ಪ್ರತಿಜ್ಞೆ ಮಾಡಿದೆ. ಆಟೋದವನೇ ಸಾಕ್ಷಿ.

ಮಾರನೆಯ ಬೆಳಿಗ್ಗೆ ತಟ್ಟೆಗೆ ಬಿದ್ದದ್ದು ಹಸಿ ಮೊಳಕೆಕಾಳು. ದವಡೆ ನೋಯುವವರೆಗೆ ಅಗಿದೆ. ಮರುದಿನ ಓಟ್ಸ್ ಗಂಜಿ. ಗೋಡೆಗೆ ಪೋಸ್ಟರ್ ಅಂಟಿಸುವ ಗೋಂದಿಗೂ ಅದಕ್ಕೂ ಅಂಥ ವ್ಯತ್ಯಾಸವಿರಲಿಲ್ಲ.

"ಓಟ್ಸ್‌ಗೆ ನನ್ನ ಓಟಿಲ್ಲ" ಎಂದೆ.

"ಇಲ್ಲೇನೂ ಎಲೆಕ್ಷನ್ ನಡೀತಿಲ್ಲ. ಸುಮ್ನೆ ತಿನ್ರಿ."

ಅದೇ ಹೊತ್ತಿಗೆ ಪಕ್ಕದ ಮನೆಯ ದೊಡ್ಡಗಂಗಮ್ಮನ ಬಾಣಲೆಯಿಂದ ಮಸಾಲೆ ವಡೆಯ ಪರಿಮಳ ಕಾಂಪೌಂಡು ಹಾರಿ ಬಂತು. ನನ್ನ ಪ್ರತಿಜ್ಞೆ ತಟ್ಟೆಯ ಮುಂದೆಯೇ ವೀರಮರಣವನ್ನಪ್ಪಿತು. ಅಂದಿನಿಂದ, ಕೆಲಸ ಜಾಸ್ತಿ ಇದೆ ಎಂದು ಕಚೇರಿಗೆ ಬೇಗ ಹೊರಡತೊಡಗಿದೆ. (ಕಚೇರಿಯ ಎದುರಿನ ಹೋಟೆಲಿನಲ್ಲಿ ಬೆಣ್ಣೆ ದೋಸೆ ಸಿಗುತ್ತಿದ್ದದ್ದು ಕೇವಲ ಕಾಕತಾಳೀಯ.)

ರಮಾದೇವಿ ಮಾತ್ರ ಅಲುಗಲಿಲ್ಲ. ದೊಡ್ಡಗಂಗಮ್ಮ ಬಿಸಿ ವಡೆಯ ತಟ್ಟೆ ಹಿಡಿದು ಬಾಗಿಲಿಗೇ ಬಂದರೂ, "ಬೇಡ ಗಂಗಮ್ಮಕ್ಕ" ಎಂದು ನಗುತ್ತಲೇ ವಾಪಸ್ ಕಳಿಸಿದಳು. ವಡೆಯನ್ನು! ವಾಪಸ್! ಚುರ್ರೆನ್ನುವ ಸದ್ದು ಇನ್ನೂ ಅಡಗಿರದ ವಡೆಯನ್ನು! ನಾನು ಬಾಯಿ ತೆರೆದು ನಿಂತೆ. ಅರ್ಧ ಬೆರಗಿಗೆ, ಇನ್ನರ್ಧ ವಡೆಗೆ.

ಆಮೇಲೆ ಅವಳೇ ಒಂದೊಂದಾಗಿ ಕಲಿತಳು. ಮೊಳಕೆಕಾಳನ್ನು ಹಬೆಯಲ್ಲಿ ಬೇಯಿಸಿ ನಿಂಬೆಹಣ್ಣು ಹಿಂಡಿದಳು. ಓಟ್ಸಿಗೆ ವಿದಾಯ ಹೇಳಿ ಹೆಸರುಕಾಳಿನ ದೋಸೆ ಹುಯ್ದಳು. ರಾಗಿರೊಟ್ಟಿಯಲ್ಲಿ ಹಿಟ್ಟಿಗಿಂತ ಸೊಪ್ಪೇ ಹೆಚ್ಚು. ಉಪ್ಪಿಟ್ಟಿನಲ್ಲಿ ರವೆಯನ್ನು ಹುಡುಕಬೇಕು.

ಕೆಲವು ತಿಂಗಳ ಮೇಲೆ ಇಬ್ಬರೂ ಬೆಟ್ಟದ ಮೇಲಿನ ಅಂತರಗಂಗೆ ದೇವಸ್ಥಾನಕ್ಕೆ ಹೋದೆವು. ಅರ್ಧ ದಾರಿಯಲ್ಲೇ ನನ್ನ ಉಸಿರು ಮುಷ್ಕರ ಹೂಡಿತು. ರಮಾದೇವಿ ನನ್ನನ್ನು ಮೆಟ್ಟಿಲ ಮೇಲೆ ಕೂರಿಸಿ, ನೀರಿನ ಬಾಟಲಿ ಕೈಗಿತ್ತು, "ಕೋತಿ ಬಂದ್ರೆ ಹುಷಾರು. ನಾನು ದರ್ಶನ ಮಾಡ್ಕೊಂಡು ಬರ್ತೀನಿ" ಎಂದು ಸೆರಗು ಸಿಕ್ಕಿಸಿ ಹತ್ತಿಯೇಬಿಟ್ಟಳು. ಒಂದು ಕಡೆಯೂ ನಿಲ್ಲಲಿಲ್ಲ. ಮೇಲೆ ತಲುಪಿ ಅವಳು ಕೈಬೀಸಿದಾಗ ನನ್ನ ಕೈಗಳು ತಾವಾಗಿಯೇ ಮುಗಿದವು. ದೇವರಿಗಲ್ಲ, ಆ ಮಂಡಿಗಳಿಗೆ.

ರಮಾದೇವಿ ತೆಳ್ಳಗಾದದ್ದು ಬೀದಿಯ ಹೆಂಗಸರ ಕಣ್ಣಿಗೂ ಬಿತ್ತು. ನಮಗೂ ಕಲಿಸು ಎಂದು ದುಂಬಾಲು ಬಿದ್ದರು. ಒಂದು ಭಾನುವಾರ ನಮ್ಮ ಮನೆಯಲ್ಲೇ ತಿಂಡಿ ಪಾಠ ನಿಗದಿಯಾಯಿತು.

"ನೀವೂ ಇರ್ಬೇಕು. ಒಳ್ಳೇ ಶರ್ಟ್ ಹಾಕ್ಕೊಳ್ಳಿ" ಎಂದಳು ರಮಾದೇವಿ.

ಸಾಧಕಿಯ ಬೆನ್ನಿಗೆ ನಿಂತ ಪತಿಗೆ ಸನ್ಮಾನ ಇರಬೇಕು ಎಂದುಕೊಂಡೆ. ಇಸ್ತ್ರಿ ಮಾಡಿದ ಶರ್ಟಿನ ಗುಂಡಿಗಳನ್ನು ಉಸಿರು ಬಿಗಿಹಿಡಿದು ಹಾಕಿಕೊಂಡು, ನಾಲ್ಕು ಮಾತು ಬಾಯಿಪಾಠ ಮಾಡಿ ಕುಳಿತೆ. ಹೆಸರುಕಾಳಿನ ದೋಸೆಯ ಪಾಠ ಮುಗಿಯಿತು. ರಮಾದೇವಿ ನನ್ನನ್ನು ಕರೆದು ಪಕ್ಕದಲ್ಲಿ ನಿಲ್ಲಿಸಿಕೊಂಡಳು.

"ನೋಡಿ, ಇಬ್ರಿಗೂ ಒಬ್ರೇ ಡಾಕ್ಟ್ರು, ಒಂದೇ ದಿನ ಶುರು. ನಾನು ಮನೇಲಿ ತಿಂಡಿ ತಿಂದೆ. ಇವ್ರು ಕಚೇರಿ ಎದುರು ಹೋಟೆಲಲ್ಲಿ ಬೆಣ್ಣೆ ದೋಸೆ ತಿಂದ್ರು. ರೀ, ಸ್ವಲ್ಪ ಪಕ್ಕಕ್ಕೆ ತಿರುಗ್ರೀ, ಎಲ್ಲಾರೂ ನೋಡ್ಲಿ."

ತಿರುಗಿದೆ. ಇನ್ನೇನು ಮಾಡಲಿ? ದೊಡ್ಡಗಂಗಮ್ಮ ಕೆನ್ನೆಯ ಮೇಲೆ ಕೈಯಿಟ್ಟು, "ಅಮ್ಮೋ! ಎಂತ ಪೆದ್ದ ಪೊಟ್ಟ!" ಎಂದು ತೆಲುಗಿನಲ್ಲಿ ಉದ್ಗರಿಸಿದಳು. ನನ್ನ ಹೊಟ್ಟೆ ಎಷ್ಟು ದೊಡ್ಡದೆಂದು ಹೇಳಲು ಕನ್ನಡ ಸಾಲಲಿಲ್ಲವೆಂದು ಕಾಣುತ್ತದೆ.

ಎದುರು ಮನೆಯ ಕರೀಮುನ್ನೀಸಾ ಎದ್ದುನಿಂತು, "ರಮಾ, ನಾಳೆ ಬೆಳಿಗ್ಗೆ ಭಾಯಿಸಾಬ್‌ನ ಐದು ನಿಮಿಷ ನಮ್ಮನೆಗೆ ಕಳಿಸ್ತೀರಾ? ನಮ್ಮವರಿಗೂ ತೋರಿಸ್ಬೇಕು" ಎಂದಳು.

"ಮೊದ್ಲು ನಮ್ಮನೆಗೆ! ಗೋಡೆ ಪಕ್ಕದವಳು ನಾನು" ಎಂದಳು ದೊಡ್ಡಗಂಗಮ್ಮ.

"ಜಗಳ ಬೇಡ, ಇಬ್ರ ಮನೆಗೂ ಬರ್ತಾರೆ" ಎಂದಳು ರಮಾದೇವಿ. "ಆದ್ರೆ ತಿಂಡಿ ಮಾತ್ರ ಕೊಡ್ಬೇಡಿ."