ಸಿನಿಮಾಕ್ಕೆ ಹೊತ್ತ ಹರಕೆ

ನೆನೆಸಿದ ಅವರೆಕಾಳು ಹಿಸುಕುತ್ತಾ ಕೂತಿದ್ದಾಗ ಸುದ್ದಿ ಬಂತು. ಈ ಕೆಲಸ ಮಾಡಿದವರಿಗೆ ಗೊತ್ತು, ಕಾಳು ಹಿಸುಕುವಾಗ ಕೈಗೆ ಬಿಡುವಿರುವುದಿಲ್ಲ, ಮನಸ್ಸಿಗೆ ಮಾತ್ರ ಬೇಕಾದಷ್ಟು ಬಿಡುವು. ಆ ಹೊತ್ತಿನಲ್ಲಿ ನಾನು ದೇವರ ಜೊತೆ ಮಾತಾಡುತ್ತೇನೆ. ಸ್ತೋತ್ರಗೀತ್ರ ಅಲ್ಲ, ಮಾತು. ಅವರೆಕಾಳಿನಲ್ಲಿ ಹುಳು ಕಡಿಮೆ ಇದ್ದದ್ದಕ್ಕೆ, ಬೆಳಗ್ಗೆ ನಲ್ಲಿಯಲ್ಲಿ ನೀರು ಬಂದದ್ದಕ್ಕೆ, ಅತ್ತೆಯವರು ಸಾರಿಗೆ ಹೆಸರಿಡದೆ ಉಂಡು ಎದ್ದದ್ದಕ್ಕೆ, ಒಂದೊಂದಕ್ಕೂ ಮುತ್ತತ್ತಿರಾಯನಿಗೆ ಒಂದು ನಮಸ್ಕಾರ. ದೊಡ್ಡದೇನನ್ನೋ ಕೇಳಿ ಅವನನ್ನು ಪೇಚಿಗೆ ಸಿಕ್ಕಿಸುವ ಅಭ್ಯಾಸ ನನಗಿಲ್ಲ. ಸಣ್ಣಪುಟ್ಟ ಉಪಕಾರಗಳಲ್ಲೇ ನಮ್ಮಿಬ್ಬರ ವ್ಯವಹಾರ ಚೆನ್ನಾಗಿ ನಡೆದುಕೊಂಡು ಬಂದಿದೆ.

ಅಷ್ಟರಲ್ಲಿ ಮಗಳು ಸಹನಾ ಮಂಡ್ಯದ ಕಾಲೇಜಿನಿಂದ ಬಂದಳು. ಮದ್ದೂರಿನಲ್ಲಿ ಬಸ್ಸು ಬದಲಿಸಿ ಮಳವಳ್ಳಿ ಸೇರುವಷ್ಟರಲ್ಲಿ ದಿನವೂ ಬಾಡಿದ ಸೊಪ್ಪಿನಂತಾಗುವ ಹುಡುಗಿ, ಅಂದು ಚಪ್ಪಲಿ ಬಿಡುವ ಮೊದಲೇ ಮಾತು ಶುರು ಮಾಡಿದಳು. ಕಾಲೇಜಿನಲ್ಲಿ ಹಾಸ್ಯ ಕಿರುಚಿತ್ರಗಳ ಸ್ಪರ್ಧೆಯಂತೆ. ಇವಳು ಬರೆದ ಕಥೆ ಆಯ್ಕೆಯಾಗಿದೆಯಂತೆ. ಭಾನುವಾರ ನಮ್ಮ ಮನೆಯಲ್ಲೇ ಶೂಟಿಂಗಂತೆ.

"ಅಮ್ಮ, ತಾಯಿ ಪಾರ್ಟು ನೀನೇ ಮಾಡ್ಬೇಕು," ಎಂದಳು.

"ದಿನಾ ಮಾಡ್ತಿರೋದು ಇನ್ನೇನಂತೆ?" ಎಂದೆ.

ಸಹನಾ ಓದುವುದು ಕನ್ನಡ ಸಾಹಿತ್ಯ. ಓದಲು ಶುರು ಮಾಡಿದಾಗಿನಿಂದ ಅವಳಿಗೆ ಒಂದೇ ಕೊರಗು. ಅವಳ ಪಠ್ಯದಲ್ಲಿ ಯಾರಾದರೂ ಒಬ್ಬರು ಸಾಯುತ್ತಲೇ ಇರುತ್ತಾರೆ, ಇಲ್ಲವೇ ಸಾಯುವ ಹಾಗೆ ನರಳುತ್ತಿರುತ್ತಾರೆ. ಅಳಿಸಿದರೆ ದೊಡ್ಡ ಸಾಹಿತ್ಯ, ನಗಿಸಿದರೆ ಊಟವಾದ ಮೇಲಿನ ಎಲೆಅಡಿಕೆ ಎಂದು ಅವರ ಮೇಷ್ಟರೊಬ್ಬರು ತಿಳಿದಿದ್ದಾರಂತೆ. "ಅಳಿಸೋದಕ್ಕೇನು, ಈರುಳ್ಳಿನೂ ಅಳಿಸುತ್ತೆ. ನಗಿಸೋದು ಕಷ್ಟ ಅಮ್ಮ," ಎನ್ನುತ್ತಾಳೆ. ಅವಳ ಪ್ರಕಾರ ಒಬ್ಬ ಜಾರಿ ಬಿದ್ದರೆ ಅದು ಹಾಸ್ಯವಲ್ಲ. ಬಿದ್ದವನು ಎದ್ದು, ಯಾರೂ ನೋಡಲಿಲ್ಲವೆಂದುಕೊಂಡು ಪಂಚೆ ಕೊಡವಿಕೊಂಡು ಏನೂ ಆಗದವನಂತೆ ನಡೆಯುತ್ತಾನಲ್ಲ, ಹಾಸ್ಯ ಇರುವುದು ಅಲ್ಲಿ. ನನಗೆ ಇದು ಅರ್ಥವಾಗಲಿಲ್ಲ. ಬಿದ್ದವನಿಗೆ ಏಟಾಯಿತೋ ಇಲ್ಲವೋ ಎಂದು ಕೇಳಿದೆ. ಹಣೆ ಚಚ್ಚಿಕೊಂಡಳು.

ಸಿನಿಮಾದ ಕಥೆ ಇಷ್ಟು. ನಮ್ಮ ಕಡೆ ಹರಕೆ ಹೊರುವವರು ಒಬ್ಬರು, ತೀರಿಸುವವರು ಇನ್ನೊಬ್ಬರು. ಹೆಂಗಸರಾದ ನಾವು ಗಂಡನ, ಮಗನ, ಮೈದುನನ ತಲೆಗೂದಲನ್ನು ಅವರಿಗೆ ಒಂದು ಮಾತೂ ತಿಳಿಸದೆ ದೇವರಿಗೆ ಮುಡಿ ಕೊಡುತ್ತೇವೆಂದು ಒಪ್ಪಿಕೊಂಡು ಬಂದುಬಿಡುತ್ತೇವೆ. ಸಿನಿಮಾದ ತಾಯಿಯೂ ಮಗಳು ಗೆದ್ದರೆ ಗಂಡನ ಮುಡಿ ಕೊಡಿಸುತ್ತೇನೆಂದು ಮುತ್ತತ್ತಿರಾಯನಿಗೆ ಹರಕೆ ಹೊರುತ್ತಾಳೆ. ಮಗಳು ಗೆಲ್ಲುತ್ತಾಳೆ. ಗಂಡ ತಲೆಗೆ ಟವೆಲು ಸುತ್ತಿಕೊಂಡು ಓಡಿಹೋಗುತ್ತಾನೆ. ಓಡುವ ಪಾರ್ಟು ನಮ್ಮ ಯಜಮಾನರದು. ಅವರು ಪಂಪ್‌ಸೆಟ್ ಮೋಟಾರು ರಿಪೇರಿ ಅಂಗಡಿ ಇಟ್ಟಿದ್ದಾರೆ. ಮಾತಾಡುವ ಕೆಲಸವಿಲ್ಲ, ಬರೀ ಓಡಿದರೆ ಸಾಕು ಎಂದಮೇಲೆ ಒಪ್ಪಿದರು.

ಭಾನುವಾರ ಅವಳ ಗೆಳತಿ ಶಬಾನಾ ಮದ್ದೂರಿನಿಂದ ಬಂದಳು. ಬಂದವಳೇ ನಮ್ಮ ರಾಗಿ ಡಬ್ಬದ ಮೇಲೆ ಫೋನು ನಿಲ್ಲಿಸಿ, ನನ್ನನ್ನು ದೇವರ ಗೂಡಿನ ಮುಂದೆ ಕೂರಿಸಿದಳು. ದೀಪ ಹಚ್ಚಿಯೇ ಹೇಳಬೇಕೆಂದಳು ಸಹನಾ. ದೀಪ ಹಚ್ಚಿದ ಮೇಲೆ ಅದು ಸಿನಿಮಾ ಎಂದು ದೇವರಿಗೆ ಹೇಗೆ ಗೊತ್ತಾಗಬೇಕು?

"ದೀಪ ಬೇಡ ಕಣೆ. ಫೋಟೋ ತಿರುಗಿಸಿ ಇಡೋಣ," ಎಂದೆ.

"ಫೋಟೋ ಬೆನ್ನಿಗೆ ಯಾರಾದ್ರೂ ಹರಕೆ ಹೊರ್ತಾರಾ ಅಮ್ಮ?"

ಒಳಕೋಣೆಯಿಂದ ಅತ್ತೆಯವರ ದನಿ ಬಂತು. "ದೀಪ ಅಚ್ಚಿ ಬಾಯ್ಬುಟ್ಟು ಯೋಳುದ್ರೆ ಮುಗೀತು ಕಣಮ್ಮಿ. ಆಮೇಕೆ ಅದು ಸಿಲ್ಮಾ ಅಂದ್ರೆ ಮುತ್ತತ್ತಿರಾಯ ಬುಟ್ಟಾನಾ?"

"ಅಜ್ಜಿ, ಸುಮ್ನಿರಿ, ಸೌಂಡ್ ರೆಕಾರ್ಡ್ ಆಗ್ತಿದೆ," ಎಂದಳು ಶಬಾನಾ.

"ಆಗ್ಲಿ ಬುಡು. ಆಮೇಕೆ ಸಾಕ್ಷಿಗಾಯ್ತದೆ."

ಕೊನೆಗೆ ದೀಪ ಹಚ್ಚಿದೆ. ಕೈಮುಗಿದು ಹೇಳಿದೆ. ನಾಚಿಕೆಯಾಯಿತೆಂದು ಇನ್ನೊಂದು ಸಲ. ಬೀದಿಯಲ್ಲಿ ಹೂವಿನವಳು ಕೂಗಿದಳೆಂದು ಮತ್ತೊಂದು ಸಲ. "ಆಂಟಿ ಸೂಪರ್, ಆದ್ರೂ ಒಂದ್ಸಲ," ಎನ್ನುತ್ತಾ ಆ ಹುಡುಗಿ ನನ್ನ ಬಾಯಲ್ಲಿ ಎಷ್ಟು ಸಲ ಹರಕೆ ಹೊರಿಸಿದಳೋ, ನಾನು ಲೆಕ್ಕ ಇಡುವ ಧೈರ್ಯ ಮಾಡಲಿಲ್ಲ. ಇದೆಲ್ಲ ಸೇರಿ ಒಂದೇ ಹರಕೆಯೋ, ಒಂದೊಂದೂ ಬೇರೆಯೋ? ಬೇರೆಯಾದರೆ ಒಂದೇ ತಲೆಯಲ್ಲಿ ಅವನ್ನೆಲ್ಲ ತೀರಿಸಲು ಯಜಮಾನರಿಗೆ ಈ ಜನ್ಮ ಸಾಲದು. ಕೂದಲು ಈಗಾಗಲೇ ಹಣೆಯಿಂದ ನೆತ್ತಿಗೆ ಹತ್ತಿ ಕೂತಿದೆ.

"ಓಕೆ," ಎಂದು ಹುಡುಗಿಯರು ಹಿತ್ತಲಿಗೆ ಓಡಿದರು. ನಾನೊಬ್ಬಳೇ ಉಳಿದೆ. ಸೆರಗು ಸರಿಮಾಡಿಕೊಂಡು, ಗೂಡಿನೊಳಗೆ ಬಗ್ಗಿ, ಮೆಲ್ಲಗೆ ಹೇಳಬೇಕಾದ್ದನ್ನು ಹೇಳಿ ಮುಗಿಸಿ ಎದ್ದೆ.

ರಾಗಿ ಡಬ್ಬದ ಮೇಲಿದ್ದ ಫೋನು ಆಫ್ ಆಗಿರಲಿಲ್ಲ.

ಅದು ನನಗೆ ತಿಳಿದದ್ದು ಎರಡು ದಿನದ ಮೇಲೆ. ಶಬಾನಾ ಮತ್ತೆ ಬಂದಿದ್ದಳು. ಇಬ್ಬರೂ ನಡುಮನೆಯಲ್ಲಿ ಫೋನಿಗೆ ತಲೆಯಿಟ್ಟು ಬಾಯಿಗೆ ದುಪಟ್ಟಾ ತುರುಕಿಕೊಂಡು ನಗುತ್ತಿದ್ದರು. ಇಣುಕಿ ನೋಡಿದರೆ ನಾನು. ಹರಕೆ ಹೊತ್ತು ಮುಗಿಸಿದ ಹೆಂಗಸು ಆ ಕಡೆ ಈ ಕಡೆ ನೋಡಿ, ದೇವರ ಹತ್ತಿರ ಬಗ್ಗಿ ಗುಟ್ಟು ಹೇಳುತ್ತಿದ್ದಾಳೆ: "ಅಪ್ಪಾ ಮುತ್ತತ್ತಿರಾಯ, ಈಗ ಹೇಳಿದ್ದೆಲ್ಲಾ ಸುಳ್ಳು ಕಣಪ್ಪ. ಸಿನಿಮಾಕ್ಕೆ ಹೇಳಿದ್ದು, ಲೆಕ್ಕಕ್ಕೆ ಇಟ್ಕೋಬೇಡ. ಅವರ ತಲೇಲಿ ಇರೋದೇ ನಾಕು ಕೂದ್ಲು, ತಗೊಂಡು ನೀನೇನು ಮಾಡ್ತೀಯ. ಆದ್ರೆ ಮಗಳು ಗೆಲ್ಲಲಿ ಅಂದ್ನಲ್ಲ, ಅದೊಂದು ನಿಜ. ಅದನ್ನ ಮಾತ್ರ ಇಟ್ಕೋ."

ನನಗೆ ಮೈ ಉರಿದುಹೋಯಿತು. ಸ್ನಾನ ಮಾಡುವಾಗ ಯಾರೋ ಬಾಗಿಲು ತೆರೆದಂತಾಯಿತು.

"ಇದನ್ನ ಸಿನಿಮಾದಲ್ಲಿ ಇಡ್ಲಾ ಅಮ್ಮ?" ಎಂದು ಕೇಳಿದಳು ಸಹನಾ. ನಗು ನಿಂತಿತ್ತು. "ನಾಳೆ ಕೊಡ್ಬೇಕು."

"ಅದು ನನ್ನ ಪಾರ್ಟಲ್ಲ. ನಾನು ದೇವರ ಹತ್ರ ಆಡಿದ ಮಾತು. ನಗೋದಕ್ಕಲ್ಲ ಅದು."

"ಬೇಡ ಅಂದ್ರೆ ತೆಗೀತೀನಿ," ಎಂದಳು. ಜಗಳಕ್ಕೆ ಬಂದಿದ್ದರೆ ನನಗೆ ಸುಲಭವಾಗುತ್ತಿತ್ತು. ಇವಳು ನಿಜವಾಗಿ ತೆಗೆದು ಎರಡನ್ನೂ ತೋರಿಸಿದಳು. ಗುಟ್ಟಿನ ಮಾತಿಲ್ಲದ ಸಿನಿಮಾ ಉಪ್ಪಿಲ್ಲದ ಉಪ್ಸಾರಿನಂತಿತ್ತು. ಹರಕೆ, ಓಟ, ಟವೆಲು, ಮುಗೀತು. ನಾನು ಮುಖ ಗಂಟಿಕ್ಕಿಕೊಂಡೇ ನೋಡಿದೆ. ಎರಡನೆಯದರಲ್ಲಿ ಆ ಹೆಂಗಸು ಬಗ್ಗಿ, "ನೀನೇನು ಮಾಡ್ತೀಯ" ಎಂದಾಗ ಅವಳು ಯಾರೆಂಬುದನ್ನೇ ಮರೆತು ಫಕ್ಕನೆ ನಕ್ಕುಬಿಟ್ಟೆ. ನಕ್ಕ ಮೇಲೆ ನೆನಪಾಯಿತು. ಮಗಳು ನನ್ನ ಮುಖವನ್ನೇ ನೋಡುತ್ತಿದ್ದಳು. ಇದಿಲ್ಲದಿದ್ದರೆ ಅವಳು ಕೊಡುವುದು ಒಂದು ಸಾಧಾರಣ ಸಿನಿಮಾ. ಇಷ್ಟು ದಿನ ನಗಿಸುವುದು ದೊಡ್ಡದು ಎಂದು ಎಲ್ಲರ ಹತ್ತಿರ ವಾದ ಮಾಡಿದವಳ ಮಾತು ಸುಳ್ಳಾಗುವುದು ನನ್ನೊಬ್ಬಳ ನಾಚಿಕೆಯಿಂದ.

"ಅಪ್ಪನ್ನೂ ಒಂದು ಮಾತು ಕೇಳು. ತಲೆ ಅವರದು," ಎಂದೆ.

ಯಜಮಾನರು ಅಂಗಡಿಯಿಂದ ಬಂದು, ಗ್ರೀಸು ಕೈ ಒರೆಸಿಕೊಂಡು ನೋಡಿದರು. ಮತ್ತೊಂದು ಸಲ ಹಾಕಿಸಿ ನೋಡಿದರು. "ನಾಕು ಕೂದ್ಲು ಅಂತ ದೇವ್ರತ್ರನೂ ಯೋಳ್ಬುಟ್ಯಾ ನೀನು?" ಎಂದರು.

"ದೇವರಿಗೆ ಕಾಣಲ್ವಾ?" ಎಂದೆ.

"ಕಾಣೋದು ಬ್ಯಾರೆ, ಯೋಳೋದು ಬ್ಯಾರೆ," ಎಂದು ತಲೆ ಸವರಿಕೊಂಡರು. ಆಮೇಲೆ ಮಗಳ ಕಡೆ ತಿರುಗಿ, "ಇಟ್ಕೊ ಕಣವ್ವ. ನಾನು ಓಡಿದ್ದಕ್ಕಿಂತ ಇದೇ ಚೆಂದಾಗದೆ," ಎಂದರು. ನಾನೂ ಹೂಂ ಎಂದೆ. ಹೇಳುವಾಗ ದೇವರ ಗೂಡಿನ ಕಡೆ ನೋಡಲಿಲ್ಲ.

ಮಂಡ್ಯದಲ್ಲಿ ಸಿನಿಮಾ ತೋರಿಸಿದ ದಿನ ನಾನು ಕೊನೆಯ ಸಾಲಿನಲ್ಲಿ, ಯಜಮಾನರ ಹಿಂದೆ ಅಡಗಿ ಕೂತಿದ್ದೆ. ಗುಟ್ಟಿನ ಮಾತು ಬಂದಾಗ ಸಭಾಂಗಣವೆಲ್ಲ ಗೊಳ್ಳೆಂದಿತು. ಸಾಯುವವರ ಪಾಠ ಮಾಡುವ ಆ ಮೇಷ್ಟರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರಂತೆ. ಅಳಿಸಿದೆನೋ ನಗಿಸಿದೆನೋ ಗೊತ್ತಾಗಲಿಲ್ಲವೆಂದು ಸಹನಾ ಈಗಲೂ ಹೇಳುತ್ತಾಳೆ. ನಾನು ತಲೆ ತಗ್ಗಿಸಿಕೊಂಡೇ ಇದ್ದೆ. ಪಕ್ಕದಲ್ಲಿದ್ದವರು, ಯಾರ ತಾಯಿಯೋ, ನನ್ನ ಕೈ ಹಿಡಿದುಕೊಂಡರು. "ನೀವೇ ಅಲ್ವಾ ಅದು? ನಾನೂ ನಮ್ಮೆಜಮಾನ್ರ ಮೀಸೆ ಒಪ್ಪುಸ್ಬುಟ್ಟು, ಆಮೇಕೆ ವಾಪಸ್ ಕೇಳ್ಕಂಡಿದೀನಿ ಕಣವ್ವ. ಯಾರ್ಗೂ ಯೋಳಿರ್ನಿಲ್ಲ," ಎಂದು ಕಿವಿಯಲ್ಲಿ ಹೇಳಿ ಕಿಲಕಿಲ ನಕ್ಕರು. ತಗ್ಗಿಸಿದ್ದ ತಲೆಯನ್ನು ಆಗ ಎತ್ತಿದೆ. ಮುತ್ತತ್ತಿರಾಯನಿಗೆ ಅದಕ್ಕೊಂದು ಬೇರೆಯೇ ನಮಸ್ಕಾರ ಸಲ್ಲಬೇಕು.

ಎರಡನೇ ಬಹುಮಾನ ಬಂತು. ಬಸ್ಸಿನಲ್ಲಿ ಮಗಳನ್ನು ಕೊಂಡಾಡುತ್ತಿದ್ದ ಯಜಮಾನರು, ಮನೆಗೆ ಬಂದೊಡನೆ ಅತ್ತೆಯವರು, "ಗೆದ್ದಾಯ್ತಲ್ಲ, ಮುಡಿ ಯಾವತ್ತು?" ಎಂದು ಕೇಳಿದ ತಕ್ಷಣ ಎರಡನೆಯದನ್ನು ಗೆಲುವೆನ್ನಲು ಬರುವುದಿಲ್ಲ ಎಂದು ವಾದಕ್ಕೆ ನಿಂತರು. ಹರಕೆ ವಾಪಸಾಗಿದೆ, ಮಂಡ್ಯದ ಜನವೆಲ್ಲ ಸಾಕ್ಷಿ ಎಂದು ನಾನು ಹೇಳಿದೆ. ಹಾಗಾದರೆ ಇಷ್ಟು ದೂರ ಪುಕ್ಕಟೆ ಗೆಲ್ಲಿಸಿದನಲ್ಲ, ಅವನಿಗೇನು ಕೊಟ್ಟೆ ಎಂದರು ಅತ್ತೆ. ಮುಂದಿನ ಶನಿವಾರ ಎಲ್ಲರೂ ಮುತ್ತತ್ತಿರಾಯನಲ್ಲಿಗೆ ಹೋಗಿ ಹಣ್ಣುಕಾಯಿ ಮಾಡಿಸಿಕೊಂಡು ಬರುವುದೆಂದು ತೀರ್ಮಾನವಾಯಿತು. ಯಜಮಾನರು ಟೋಪಿ ಹಾಕಿಕೊಂಡೇ ಬರುತ್ತಾರಂತೆ.

ಮಾರನೆಯ ಬೆಳಗ್ಗೆ ದೀಪ ಹಚ್ಚಿ ಗೂಡಿನ ಮುಂದೆ ನಿಂತೆ. ಎಂದಿನಂತೆ ಮಾತು ಶುರು ಮಾಡುವ ಮೊದಲು ಸುತ್ತ ಕಣ್ಣಾಡಿಸಿದೆ. ರಾಗಿ ಡಬ್ಬದ ಮೇಲೆ ನೋಡಿದೆ. ಗೂಡಿನ ಪಕ್ಕ ನೋಡಿದೆ. ಫೋಟೋದ ಹಿಂದೆಯೂ ಕೈಹಾಕಿ ನೋಡಿದೆ. ಎಲ್ಲೂ ಫೋನಿರಲಿಲ್ಲ, ನಾನು ಮತ್ತು ಅವನು ಇಬ್ಬರೇ. ಸಮಾಧಾನವಾಗಬೇಕಿತ್ತು. ನಿಜ ಹೇಳುವುದಾದರೆ, ಸ್ವಲ್ಪ ಬೇಜಾರಾಯಿತು. ಅದನ್ನೂ ಅವನಿಗೇ ಒಪ್ಪಿಸಿ, ಮುದ್ದೆಗೆ ಎಸರಿಡಲು ಹೋದೆ.